ಒಂದು ಸೆಂಟ್ ಹುಲ್ಲಿಗೆ ಒಂದು ಅಡಿಕೆ ಮರದ ಯೂರಿಯಾ

ಮದುವೆಯಾಗಿ ದಾವಣಗೆರೆಯಿಂದ ಕಾಸರಗೋಡಿನ ಬದಿಯಡ್ಕ ಕಡೆಗೆ ಬಂದು ಆರು ವರ್ಷವಾಯಿತು. ಬಸ್ಸಿನ ಬೋರ್ಡು ಮಲಯಾಳದಲ್ಲಿ, ತೋಟದ ಮಾತು ತುಳುವಿನಲ್ಲಿ, ಮನೆಯೊಳಗೆ ಕನ್ನಡ. ಊರಿಂದ ಫೋನು ಬಂದಾಗೆಲ್ಲ ಮೊದಲ ಪ್ರಶ್ನೆ ಮಳೆಯದೇ. ಈ ಮಳೆ ಊರಲ್ಲಿ ಹುಲ್ಲಿಗೆ ಗೊಬ್ಬರ ಹಾಕುವುದನ್ನೂ ಹೊಸದಾಗಿ ಕಲಿಯಬೇಕಾಯಿತು, ಅದನ್ನೇ ಇವತ್ತು ಹೇಳುತ್ತೇನೆ.

ಅಂಗಳದ ಪಕ್ಕ ಎರಡು ಸೆಂಟ್ ಜಾಗದಲ್ಲಿ ಲಾನ್ ಇದೆ. ಒಂದು ಸೆಂಟ್ ಅಂದರೆ ಸುಮಾರು 40 ಚದರ ಮೀಟರ್. ಹೋದ ವರ್ಷ ಮಳೆಗಾಲ ಮುಗಿಯುವಾಗ ಹುಲ್ಲೆಲ್ಲ ಹಳದಿಯಾಗಿತ್ತು. ನಾನು ಭದ್ರಾ ನಾಲೆಯ ಭತ್ತದ ಗದ್ದೆ ನೋಡಿ ಬೆಳೆದವಳು. ಅಪ್ಪ ಎರಚುತ್ತಿದ್ದ ಹಾಗೆಯೇ ಒಂದು ಬುಟ್ಟಿಯಲ್ಲಿ ಮೂರು ಕಿಲೋ ಯೂರಿಯಾ ತೆಗೆದುಕೊಂಡು ಬೆಳಗ್ಗೆ ಬೆಳಗ್ಗೆ ಎರಚಿಬಿಟ್ಟೆ. ಇಬ್ಬನಿ ಇನ್ನೂ ಆರಿರಲಿಲ್ಲ. ಅಂಗೈ ಬೆವರಿಗೆ ಕಾಳು ಕರಗಿ ತಣ್ಣಗೆ ಕೊರೆಯುತ್ತಿತ್ತು. ಎಲೆಯ ಮೇಲೆ ಕೂತ ಕಾಳೂ ಹಾಗೆಯೇ ಕರಗಿ ಅಂಟಿಕೊಂಡಿತು. ನೀರು ಬಿಡಲಿಲ್ಲ.

ಮೂರನೇ ದಿನ ನೋಡಿದರೆ ನಾನು ಕೈ ಬೀಸಿದ ಕಡೆಯೆಲ್ಲ ಕುಡುಗೋಲಿನ ಹಾಗೆ ಬಾಗಿದ ಕಂದು ಗೆರೆಗಳು. ಎಲೆ ಮುಟ್ಟಿದರೆ ಪುಡಿಪುಡಿ. ಅಳುವೇ ಬಂತು.

ಮಾವ ಬೈಯಲಿಲ್ಲ. ಅಡಿಕೆ ತೂಗುವ ತಕ್ಕಡಿ ತಂದು ಮೆಟ್ಟಿಲ ಮೇಲಿಟ್ಟರು. "ನೋಡು ಮಗಾ, ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಬೇಕು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಹಾಗಾಗಿ ಮರಕ್ಕೆ ಸುಮಾರು 220 ಗ್ರಾಂ ಯೂರಿಯಾ. ನಿನ್ನ ಒಂದು ಸೆಂಟ್ ಹುಲ್ಲಿಗೆ ಒಂದು ಸಲಕ್ಕೆ ಅಷ್ಟೇ ಸಾಕು." ಲೆಕ್ಕ ಹಾಕಿದೆ. ಎರಡು ಸೆಂಟ್‌ಗೆ 440 ಗ್ರಾಂ. ನಾನು ಹಾಕಿದ್ದು ಹೆಚ್ಚುಕಡಿಮೆ ಏಳು ಪಟ್ಟು! ಗದ್ದೆಯಲ್ಲಿ ಕಾಳು ನಿಂತ ನೀರಿಗೆ ಬೀಳುತ್ತದೆ. ಇಲ್ಲಿ ಎಲೆಯ ಮೇಲೆ ಕೂತು, ಉಪ್ಪಿನ ಹಾಗೆ ಎಲೆಯ ನೀರನ್ನೇ ಎಳೆದುಕೊಂಡಿತ್ತು.

ಅಮೋನಿಯಂ ಸಲ್ಫೇಟ್ ಹಾಕಬಹುದಿತ್ತಲ್ವಾ ಅಂತ ಕೇಳಿದೆ. ಅದರಲ್ಲಿ ಸಾರಜನಕ ನೂರಕ್ಕೆ 20 ಚಿಲ್ಲರೆ, ಗಂಧಕವೂ ಸಿಗುತ್ತದೆ. ಆದರೆ ನಮ್ಮ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಮಣ್ಣು ಮೊದಲೇ ಹುಳಿ. ಈ ಗೊಬ್ಬರ ಅದನ್ನು ಇನ್ನೂ ಹುಳಿ ಮಾಡುತ್ತದೆ, ಆಮೇಲೆ ಸುಣ್ಣ ಹಾಕುತ್ತಾ ಕೂರಬೇಕು. ಅಂಗಡಿಯವರು ಕೊಡುವ 20:20 ಮಿಶ್ರಣದಲ್ಲಿ ಸಾರಜನಕದಷ್ಟೇ ರಂಜಕವೂ ಇದೆ. ಬೇರು ಬಿಟ್ಟು ನಿಂತ ಹುಲ್ಲಿಗೆ, ಮಣ್ಣು ಪರೀಕ್ಷೆ ಮಾಡಿಸದೆ ಅದನ್ನು ಸುಮ್ನೆ ಸುರಿಯುವುದು ನನಗೆ ಸರಿ ಕಾಣಲಿಲ್ಲ. ಬೇವಿನ ಹಿಂಡಿ ನನಗಿಷ್ಟ. ನಿಧಾನ, ಆದರೆ ಸುಡುವ ಭಯ ಇಲ್ಲ.

ನನಗೆ ನಿಜವಾಗಿ ಭಯ ಹುಟ್ಟಿದ್ದು ಸುರಂಗದ ನೀರು ನೆನಪಾದಾಗ. ಇಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುತ್ತಾರೆ. ನಾವು ಕುಡಿಯುವುದು ಅದನ್ನೇ. ಹುಲ್ಲು ಹೀರದೆ ಉಳಿದ ಸಾರಜನಕ ನೈಟ್ರೇಟ್ ಆಗಿ ಮಳೆ ನೀರಿನ ಜೊತೆ ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಪುಟ್ಟ ಮಕ್ಕಳಿಗಂತೂ ಅದು ಅಪಾಯ. ಲಾನ್ ಇರುವುದು ಸುರಂಗದ ಮೇಲಿನ ಇಳಿಜಾರಿನಲ್ಲೇ. ಅದಕ್ಕೇ ಮೇ ಕೊನೆಯ ಹೊತ್ತಿಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುವರ ಪತ್ತನಾಜೆ ಕಳೆದ ಮೇಲೆ ಮಳೆಗಾಲ ಮುಗಿಯುವವರೆಗೆ ಯೂರಿಯಾ ಮುಟ್ಟುವುದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹುಲ್ಲು ಹಳದಿಯಾದರೆ ಆಗಲಿ.

ಈ ಅಕ್ಟೋಬರ್‌ನಲ್ಲಿ ಮತ್ತೆ ಹಾಕಿದೆ. ಸಂಜೆ, ಎಲೆಯ ಮೇಲಿನ ನೀರು ಪೂರ್ತಿ ಆರಿದ ಮೇಲೆ. 440 ಗ್ರಾಂ ತೂಗಿ, ಒಣ ಮರಳಿಗೆ ಬೆರೆಸಿ, ಎರಡು ಪಾಲು ಮಾಡಿದೆ. ಒಂದು ಪಾಲು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ತಕ್ಷಣ ಪೈಪ್ ಹಿಡಿದು ಮಣ್ಣಿಗೆ ಇಳಿಯುವಷ್ಟು ನೀರು ಬಿಟ್ಟೆ. ಮೇಲೆಯೇ ಉಳಿದರೆ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಕತ್ತರಿಸಿದ ಹುಲ್ಲನ್ನೂ ಈಗ ಗುಡಿಸಿ ಎಸೆಯುವುದಿಲ್ಲ, ಅಲ್ಲೇ ಕೊಳೆತು ಸಾರಜನಕ ಮಣ್ಣಿಗೆ ಮರಳುತ್ತದೆ.

ಹತ್ತು ದಿನಕ್ಕೆ ಹಸಿರು ಬಂತು. ಹಳೆಯ ಗೆರೆಗಳಲ್ಲಿ ಒಂದು ಮಾತ್ರ ಇನ್ನೂ ತುಂಬಿಲ್ಲ. ಅದರ ಎರಡೂ ಅಂಚಿನಿಂದ ಹುಲ್ಲಿನ ಬಳ್ಳಿ ಹರಿದು ಬರುತ್ತಿದೆ, ನಡುವೆ ನಾಲ್ಕು ಬೆರಳಗಲ ಕೆಂಪು ಮಣ್ಣು ಉಳಿದಿದೆ.