ಪುಟ್ಟ ಇಂಜಿನ್ನಿಗೆ ಆಯುಧಪೂಜೆ

"ತಾತ ರೈಲಿಗೆ ಪೂಜೆ ಮಾಡ್ತಿದ್ರಂತಲ್ಲ, ಮತ್ತೆ ನಮ್ಮ ರೈಲಿಗೆ ಯಾಕೆ ಇಲ್ಲ?"

ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ಮಗಳು ಕೇಳಿದಳು. ಜರ್ಮನಿಯ ಸ್ಟುಟ್‌ಗಾರ್ಟ್‌ನ ನಮ್ಮ ಮನೆಯಲ್ಲಿ ಪೂಜೆಗೆ ಇರುವುದು ಎರಡು ಲ್ಯಾಪ್‌ಟಾಪ್, ಸೈಕಲ್ಲು, ಈಳಿಗೆಮಣೆ, ಅಷ್ಟೇ. ರೈಲು ಅಂದರೆ ಹೋದ ಬೇಸಿಗೆಯಲ್ಲಿ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಮಾರ್ಕ್ಲಿನ್ ಕಂಪನಿಯ ಆಟದ ರೈಲು ಸೆಟ್. ಆ ಕಂಪನಿ ಹುಟ್ಟಿದ್ದು 1859ರಲ್ಲಿ, ಇಲ್ಲೇ ಹತ್ತಿರದ ಗೋಪಿಂಗೆನ್‌ನಲ್ಲಿ. ಅದಕ್ಕೇ ಈ ಕಡೆ ಸಂತೆಗಳಲ್ಲಿ ಇಂಥ ಪೆಟ್ಟಿಗೆ ಕಾಣಿಸುತ್ತಲೇ ಇರುತ್ತವೆ. ಕಪ್ಪು ಇಂಜಿನ್, ನಿಜದ ಇಂಜಿನ್ನಿನ 87ನೇ ಒಂದು ಪಾಲು, ಆದರೂ ಕೈಗೆ ಒಳ್ಳೇ ಭಾರ. ತಂದ ದಿನ ಗುಂಯ್ ಅಂತ ಸದ್ದು ಮಾಡಿ ನಿಂತದ್ದು, ಮತ್ತೆ ಅಲುಗಿರಲಿಲ್ಲ.

ಕೆಟ್ಟು ನಿಂತದ್ದಕ್ಕೆ ಕುಂಕುಮ ಹಚ್ಚಬಾರದು, ಮೊದಲು ರಿಪೇರಿ, ಆಮೇಲೆ ಪೂಜೆ ಅಂತ ಅಪ್ಪ ಹೇಳುತ್ತಿದ್ದರು.

ಮೇಲಿನ ಮನೆಯ ಅಜ್ಜ ಚಿಕ್ಕಂದಿನಿಂದ ಇದೇ ರೈಲು ಆಡಿದವರು. ಹಳೆ ಟ್ರಾನ್ಸ್‌ಫಾರ್ಮರಿನ ವೈರು ಒಣಗಿ ಬಿರುಕು ಬಿಟ್ಟದ್ದು ನೋಡಿ, ಪ್ಲಗ್ ಹಾಕಲೇಬೇಡ ಅಂತ ತಮ್ಮದನ್ನೇ ತಂದುಕೊಟ್ಟರು. ಇಂಜಿನ್ ಬಿಚ್ಚಿದರೆ ಎಣ್ಣೆಯೆಲ್ಲ ಹಲಸಿನ ಅಂಟಿನ ಹಾಗೆ ಗಟ್ಟಿಯಾಗಿತ್ತು. ಸ್ಪಿರಿಟ್ ಹಾಕಿ ಒರೆಸಿದರು. ಮೋಟಾರಿನ ತಾಮ್ರದ ಬಿಲ್ಲೆಯ ಸೀಳುಗಳಲ್ಲಿ ಕೂತ ಇದ್ದಿಲು ಪುಡಿಯನ್ನು ಹಲ್ಲುಕಡ್ಡಿಯಿಂದ ಕೆರೆದರು. ಹಳಿಯ ನಡುವಿನ ಗುಬುಟುಗಳಿಂದ ಕರೆಂಟು ಎಳೆಯುವ ಪಟ್ಟಿ ಇಂಜಿನ್ನಿನ ಹೊಟ್ಟೆಯ ಕೆಳಗಿರುತ್ತದೆ, ಅದನ್ನು ಮಗಳ ರಬ್ಬರಿನಿಂದಲೇ ಉಜ್ಜಿದರು. ಕೊನೆಗೆ ಸೂಜಿ ತುದಿಯಲ್ಲಿ ಎಣ್ಣೆ. "ಒಂದೇ ಹನಿ" ಅಂತ ಬೆರಳು ಎತ್ತಿ ತೋರಿಸಿದರು. ಗುಂಡಿ ತಿರುಗಿಸಿದಾಗ ಕೆಳಗೆ ನೀಲಿ ಕಿಡಿ, ಒಂದು ಜಗ್ಗು, ಆಮೇಲೆ ಸರ್ರಂತ ಹೊರಟೇಬಿಟ್ಟಿತು. ಮಗಳು ಕುಣಿದಳು. ನನಗೆ ಮಾತ್ರ ಆ ಬಿಸಿ ಎಣ್ಣೆ ವಾಸನೆಗೆ ಅಪ್ಪನ ಖಾಕಿ ಅಂಗಿ ನೆನಪಾಯಿತು.

ಅಪ್ಪ ಮೈಸೂರಲ್ಲಿ ರೈಲ್ವೆ ಫಿಟರ್. ಮೀಟರ್ ಗೇಜ್ ಕಾಲ. ಆಯುಧಪೂಜೆ ದಿನ ನಮ್ಮನ್ನೂ ಶೆಡ್ಡಿಗೆ ಕರೆದುಕೊಂಡು ಹೋಗುತ್ತಿದ್ದರು. ಇಂಜಿನ್ನಿನ ಎರಡೂ ಕಡೆ ಬಾಳೆಕಂದು, ಮೂತಿಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ನನ್ನನ್ನು ಎತ್ತಿ ಮೇಲೆ ನಿಲ್ಲಿಸುತ್ತಿದ್ದರು, ನಿಂಬೆಹಣ್ಣು ಅಪ್ಪಚ್ಚಿಯಾಗುವುದನ್ನು ನೋಡುವುದಕ್ಕೆ. ಪೇಪರ್ ಪೊಟ್ಟಣದ ಕಡ್ಲೆಪುರಿ ತಿನ್ನುತ್ತಾ ಅವರ ಸೈಕಲ್ ಬಾರಿನ ಮೇಲೆ ಮನೆಗೆ ಬರುತ್ತಿದ್ದೆ.

ಇಲ್ಲಿ ಎಲ್ಲ ಸಿಕ್ಕಿತು, ಬೂದುಗುಂಬಳಕಾಯಿ ಒಂದು ಸಿಗಲಿಲ್ಲ. ಎರಡು ಅಂಗಡಿ ಸುತ್ತಿದೆ. ಮಗಳು ಇದನ್ನು ಅಜ್ಜನ ಹತ್ತಿರ ಹೇಳಿದ್ದಾಳೆ. ಸಂಜೆ ಬಾಗಿಲು ತೆಗೆದರೆ ಅವರು ತಮ್ಮ ತೋಟದ ಕೇಸರಿ ಕುಂಬಳಕಾಯಿ ಹಿಡಿದು ನಿಂತಿದ್ದರು, ಮಣ್ಣೆಲ್ಲ ಒರೆಸಿ ಫಳಫಳ ಮಾಡಿ. ಯಾಕೆ ಬೇಕು ಅಂತ ಒಂದು ಮಾತೂ ಕೇಳಲಿಲ್ಲ. ಅದಕ್ಕೇ ಕುಂಕುಮ ತುಂಬಿ ದೃಷ್ಟಿ ತೆಗೆದೆವು. ನಿಂಬೆಹಣ್ಣು ಇಂಜಿನ್ನಿನಷ್ಟೇ ಎತ್ತರ ಇತ್ತು, ಹಳಿ ಪಕ್ಕದಲ್ಲೇ ಇಟ್ಟೆವು.

ಅಪ್ಪನಿಗೆ ವಿಡಿಯೋ ಕಾಲ್ ಮಾಡುವಾಗ ಅಲ್ಲಿ ರಾತ್ರಿ ಹತ್ತು. ಮಲಗದೇ ಕಾಯುತ್ತಿದ್ದರು. ನಿಮ್ಮ ಪೂಜೆ ಆಯ್ತಾ ಅಂದೆ. ಸ್ಪ್ಯಾನರ್‌ಗಳನ್ನೆಲ್ಲ ತೊಳೆದು ಇಟ್ಟಿದ್ದೆ, ಕುಂಬಳಕಾಯಿ ಒಡೆಯೋಕೆ ಬಗ್ಗೋಕಾಗಲ್ಲ ಅಲ್ವಾ, ಹಾಲಿನ ಹುಡುಗ ಒಡೆದುಕೊಟ್ಟ ಅಂದರು. ಸುಮ್ನೆ ಹೇಳಿದ್ದು, ದೂರಿದ್ದಲ್ಲ. ಹೋದ ವರ್ಷವೂ, ಅದರ ಹಿಂದಿನ ವರ್ಷವೂ, ಮುಂದಿನ ದಸರಾಕ್ಕೆ ಬಂದೇ ಬರ್ತೀನಿ ಅಂದಿದ್ದವನು ನಾನು. ಟಿಕೆಟ್ ಜಾಸ್ತಿ ಅಂತಲೋ, ಮಗಳಿಗೆ ಸ್ಕೂಲು ಅಂತಲೋ.

"ಫೋನು ಹಳಿ ಹತ್ತಿರ ಹಿಡಿ" ಅಂದರು. ಹಿಡಿದೆ. ಕಣ್ಣು ಮುಚ್ಚಿ ಕೇಳಿದರು.

"ಒಂದು ಚಕ್ರ ಉಜ್ಜುತ್ತಿದೆ ಕಣೋ."

ನಿಲ್ಲಿಸಿ ನೋಡಿದರೆ ಹಿಂದಿನ ಚಕ್ರಕ್ಕೆ ಸೇವಂತಿಗೆ ಎಸಳೊಂದು ಸುತ್ತಿಕೊಂಡಿತ್ತು. ತೆಗೆದೆ. ಹತ್ತೂವರೆ ಆಯ್ತು, ಮಲಗಿ ಅಪ್ಪ ಅಂದೆ.

"ತಡಿ, ಇನ್ನೊಂದು ಸುತ್ತು ಬಿಡು" ಅಂದರು. ಮಗಳು ಗುಂಡಿ ತಿರುಗಿಸಿದಳು.