ಕಂಬಳಿ ವಾಸನಿ

ಕ್ರಿಸ್‌ಮಸ್ ಮುಗಿದು ನಾಕು ದಿನ ಆತು, ನನ್ನ ಶಾಲಿಗೆ ಹತ್ತಿದ ಕಂಬಳಿ ವಾಸನಿ ಇನ್ನೂ ಹೋಗಿಲ್ಲ. ಹೋಗೋದೂ ಬ್ಯಾಡ. ದೇವರಿಗೆ ಸ್ತೋತ್ರ ಹೇಳಾಕಂತನ ಇದನ್ನ ಬರಿಯಾಕತ್ತೀನಿ.

ನಮ್ಮ ಆಯಿ ಬೈಲಹೊಂಗಲ ಕಡೆಯಾಕಿ. ಆಗಮನ ಕಾಲ ಅಂದ್ರ ಕ್ರಿಸ್‌ಮಸ್ ಮುಂಚಿನ ತಯಾರಿ ವಾರಗಳು, ಅದರ ಮೊದಲನೇ ರವಿವಾರದಿಂದ ನಾಕೂ ವಾರ, ದಿನಾ ಜ್ವಾಳ ಅಳಿಯುವಾಗ ಒಂದು ಹಿಡಿ ತಗದು ಬ್ಯಾರೆ ಡಬ್ಬಿಗೆ ಹಾಕಾಕಿ, ಮನ್ಯಾಗ ಎಷ್ಟ ತ್ರಾಸ ಇದ್ರೂ ಆ ಹಿಡಿ ಸಣ್ಣದು ಆಗ್ತಿರಲಿಲ್ಲ. ಆ ಹೊತ್ತಿಗೆ ಊರ ಹೊಲದಾಗ ಗೊಬ್ಬರಕ್ಕಂತ ಕುರಿ ತರುಬಿರ್ತಿದ್ರು, ಕುರುಬರು ಅಲ್ಲೇ ಥಂಡಿಯೊಳಗ ಕಂಬಳಿ ಹೊದ್ದು ಮಲಗವ್ರು. ಹಬ್ಬದ ದಿನ ಪೂಜೆ ಮುಗಿಸಿ ಬಂದಾಕಿ ಆ ಜ್ವಾಳ, ಮೊದಲನೇ ಘಾಣದ ಕರಚಿಕಾಯಿ ಎಲ್ಲಾ ಗಂಟು ಕಟಗೊಂಡು ನನ್ನ ಕೈ ಹಿಡಕೊಂಡು ಸೀದಾ ಆ ಹಟ್ಟಿಗೆ ಹೋಗಾಕಿ. "ಯೇಸು ಹುಟ್ಟಿದ ಸುದ್ದಿ ಮೊದಲ ಮುಟ್ಟಿದ್ದು ಕುರುಬರಿಗಲ್ಲೇನು, ಸಿಹಿನೂ ಮೊದಲ ಇವರಿಗೇ ಮುಟ್ಟಬೇಕು" ಅಂತಿದ್ಲು. ಅಲ್ಲೀತನಕ ನಮಗ ಒಂದು ಕರಚಿಕಾಯಿನೂ ಇಲ್ಲ!

ಗೋದಲಿ, ಅಂದ್ರ ಯೇಸು ಹುಟ್ಟಿದ ಕೊಟ್ಟಿಗಿ ತೋರಿಸಾಕ ಹಬ್ಬಕ್ಕ ಇಡೋ ಗೊಂಬಿಗಳು, ಅದರೊಳಗಿನ ಕುರುಬರ ಗೊಂಬಿ ನೋಡಿದ್ರ ಆಕಿಗೆ ಸಮಾಧಾನ ಇರಲಿಲ್ಲ. ಇವರೇನು ಮದುವಿಗೆ ಹೊಂಟಾರೇನು ಇಷ್ಟು ಸ್ವಚ್ಛ, ಕುರುಬ ಅಂದ್ರ ಕಂಬಳಿ ವಾಸನಿ ಬರಬೇಕು, ಆ ಕೂಸಿನ ಮೂಗಿಗೆ ಮೊದಲ ಬಡದದ್ದು ಅದಽ ವಾಸನಿ ಅನ್ನಾಕಿ. ಸಂತ ಫ್ರಾನ್ಸಿಸರು 1223 ರಾಗ ಗ್ರೆಚ್ಚೊ ಅನ್ನೋ ಊರಾಗ ಗೋದಲಿ ಮಾಡಿದಾಗ ಜೀವಂತ ಎತ್ತು, ಕತ್ತೆ, ಹುಲ್ಲು ತಂದು ನಿಲ್ಲಿಸಿದ್ರು ಅಂತ ನಾ ದೊಡ್ಡಾಕಿ ಆದಮ್ಯಾಲೆ ಓದಿದೆ. ಆಯಿ ಓದಾಕ ಬರದಾಕಿ, ಆದ್ರೂ ಆಕಿಗೆ ಅದು ಗೊತ್ತಿತ್ತು ಅನಸ್ತೈತಿ ನನಗ.

ಈ ಸಲ, 2024 ರ ಮೂರನೇ ಆಗಮನ ರವಿವಾರ, ಫಾದರ್ ಗುಲಾಬಿ ಬಣ್ಣದ ವಸ್ತ್ರ ಹಾಕ್ಕೊಂಡಿದ್ರು, ವಾಚನ ಬೈಬಲಿನ ಲೂಕನ ಮೂರನೇ ಅಧ್ಯಾಯದ್ದು, ಎರಡು ಅಂಗಿ ಇದ್ದಾವ ಇಲ್ಲದಾವಗ ಒಂದು ಕೊಡ್ಲಿ ಅಂತ ಸ್ನಾನಿಕ ಯೊವಾನ್ನರು ಹೇಳೋದು. ಅದನ್ನ ಎಷ್ಟು ಸಲ ಕೇಳೀವಿ, ಅವತ್ತ್ಯಾಕೋ ಎದಿಗೆ ನಟ್ತು. ಮನಿಗೆ ಬಂದು ಎಲ್ಲಾರೂ ಕೂಡಿ ಮಾತಾಡಿದ್ವಿ, ಈ ವರ್ಷ ಹೊಸ ಅರಿವಿ ಬ್ಯಾಡ, ಆ ರೊಕ್ಕಕ್ಕ ಕಂಬಳಿ ತರೋಣ ಅಂತ. ಮಗ ಒಂಬತ್ತನೇ ಕ್ಲಾಸು, ಮಾರಿ ಸಣ್ಣದ ಮಾಡಿದ, ಆಮ್ಯಾಲೆ ತಾನಽ ಗಂಟು ಹೊತ್ತ. ಮಶೀನ್ ಬ್ಲ್ಯಾಂಕೆಟ್ ಸೋವಿ ಬರ್ತಾವು ಅಂದ್ರು ನಮ್ಮನಿಯವರು, ನಾ ಒಪ್ಪಲಿಲ್ಲ, ಇಬ್ಬನಿ ತಡಿಯೋದು ಕರಿ ಕಂಬಳಿನಽ.

24 ರ ರಾತ್ರಿ ದೊಡ್ಡ ದವಾಖಾನಿ ಹೊರಗ ಹೋದ್ವಿ. ಬೆಳಗಾವಿ ಡಿಸೆಂಬರ್ ಥಂಡಿ ನಿಮಗ ಹೇಳೋದು ಬ್ಯಾಡ. ರಾಮದುರ್ಗ, ಸವದತ್ತಿ, ಅಥಣಿಯಿಂದ ಪೇಶಂಟ್ ಕರಕೊಂಡು ಬಂದ ಮಂದಿ ಗಿಡದ ಬುಡಕ್ಕ ಚೀಲ ಹಾಸ್ಕೊಂಡು ಮಲಗಿದ್ರು. ಯೇಸು ಹುಟ್ಟೋ ರಾತ್ರಿ ಮರಿಯಮ್ಮಗ ಛತ್ರದಾಗ ಜಾಗ ಸಿಗಲಿಲ್ಲ ಅಂತ ಪ್ರತಿ ವರ್ಷ ಓದ್ತೀವಿ, ಓದಿ ಬಂದು ಕೇಕ್ ಕತ್ತರಿಸ್ತೀವಿ. ಈಗೀಗ ಡಿಜೆ, ಸೆಲ್ಫಿ, ಸ್ಟಾರ್ ಯಾರ ಮನೀದು ದೊಡ್ಡದು ಅನ್ನೋದಽ ಹಬ್ಬ ಆಗೇತಿ, ಹಿಡಿ ಜ್ವಾಳ ತಗದು ಇಡೋ ಮನಿ ಎಷ್ಟು ಉಳದಾವು ಹೇಳ್ರಿ. ನಾನೂ ಹನ್ನೊಂದು ವರ್ಷ ಬಿಟ್ಟಿದ್ದೆ.

ಒಬ್ಬಾಕಿ ಮುದುಕಿ ಕಂಬಳಿ ಇಸಗೊಂಡು ಹೊದಕೊಳ್ಳಲಿಲ್ಲ, ಮಾರಿಗೆ ಹಚ್ಚಿ ಜೋರಾಗಿ ಮೂಸಿದ್ಲು. "ಕುರಿ ವಾಸನಿ ಬರಾಕತ್ತೈತಿ ನೋಡವಾ, ಖರೇ ಕಂಬಳಿ" ಅಂತ ನಕ್ಕಳು. ಬಾಯಾಗ ಎರಡಽ ಹಲ್ಲು. ನನಗ ಕಾಲು ಕುಸದು ಅಲ್ಲೇ ಕುಂತೆ. ಸೊಸಿ ಬಾಣಂತನಕ್ಕ ಬಂದಾಳಂತ, ಒಳಗ ಒಬ್ಬರನ್ನ ಬಿಟ್ಟಾರಂತ, ತಾ ಹೊರಗ. ನನ್ನ ಸಣ್ಣ ಮಗಳನ್ನ ಎಳದು ಕಂಬಳಿಯೊಳಗ ಸುತ್ತಿ ಕುಂದ್ರಿಸಿಕೊಂಡ್ಲು, ಬುತ್ತಿ ಬಿಚ್ಚಿ ಕಡಕ್ ರೊಟ್ಟಿ ಮುರದು ಶೇಂಗಾ ಹಿಂಡಿ ಹಚ್ಚಿ ಕೊಟ್ಲು, ಮಗಳು ತಿಂದಳು, ನಾವೂ ತಿಂದ್ವಿ.

ಅಲ್ಲಿಂದ ಸೀದಾ ಕ್ಯಾಂಪಿನ ಫಾತಿಮಾ ಮಾತೆ ಕೆಥೆಡ್ರಲ್‌ಗೆ ಬಂದಾಗ ಪೂಜೆಯೊಳಗಿನ ಗ್ಲೋರಿಯಾ ಸ್ತುತಿ ಹಾಡು ಶುರುವಾಗಿತ್ತು. ಪೂಜೆ ಮುಗಿದಮ್ಯಾಲೆ ಸಾಲಾಗಿ ನಿಂತು ಬಾಲಯೇಸುವಿನ ಪಾದಕ್ಕ ಮುತ್ತು ಕೊಡಾಕ ಬಗ್ಗಿದಾಗ ನನ್ನ ಕೈ ಮೂಗಿನ ಹತ್ರ ಬಂತು, ಅದಽ ವಾಸನಿ. ಮುಂಜಾನಿತನಕ ಕೈ ತೊಳಿಲಿಲ್ಲ.