ಫ್ಯೂಚರಾಮಾದ ಗಣಿತ ನಿಜವಾದದ್ದಾ?

‘ಫ್ಯೂಚರಾಮಾ’ ಎಂಬ ಅಮೆರಿಕದ ಕಾರ್ಟೂನ್ ಧಾರಾವಾಹಿಯ ಮಾತು ಬಂದಾಗಲೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ: ಅದರಲ್ಲಿನ ಗಣಿತ ನಿಜವಾದದ್ದಾ, ಇಲ್ಲಾ ಬೋರ್ಡಿನ ಮೇಲೆ ಏನೋ ಗೀಚಿಟ್ಟಿದ್ದಾರಾ? ಹೆಚ್ಚಿನವರು ಕೇಳುವುದು ಮನಸ್ಸುಗಳು ಅದಲುಬದಲಾಗುವ ಕಂತಿನ ಬಗ್ಗೆ. ನಿಜವಾದದ್ದೇ. ನಾಲ್ಕು ಲೋಟ, ನಾಲ್ಕು ಚೀಟಿ ಇದ್ದರೆ ಮನೆಯಲ್ಲೇ ಪರೀಕ್ಷಿಸಬಹುದು.

ನೋಡದವರಿಗಾಗಿ ಎರಡು ಮಾತು. 1999ರ ಡಿಸೆಂಬರ್ 31ರ ರಾತ್ರಿ ಪಿಜ್ಜಾ ಕೊಡಲು ಹೋದ ಫ್ರೈ ಎಂಬ ಹುಡುಗ ಶೈತ್ಯಯಂತ್ರದೊಳಗೆ ಬಿದ್ದು, ಸಾವಿರ ವರ್ಷ ಕಳೆದ ಮೇಲೆ ಕಣ್ಣು ಬಿಡುತ್ತಾನೆ. ಮ್ಯಾಟ್ ಗ್ರೇನಿಂಗ್ ಕಲ್ಪನೆಯನ್ನು ಡೇವಿಡ್ ಎಕ್ಸ್. ಕೊಹೆನ್ ಜೊತೆಗೂಡಿ ಬೆಳೆಸಿದರು. ಫಾಕ್ಸ್ ವಾಹಿನಿಯಲ್ಲಿ 1999ರ ಮಾರ್ಚ್ 28ರಂದು ಶುರುವಾಗಿ, 2003ರ ಆಗಸ್ಟ್‌ನಲ್ಲಿ 72 ಕಂತುಗಳಿಗೇ ನಿಂತುಹೋಯಿತು. ಆಮೇಲೆ ಬೇರೆ ಕಡೆ ಮತ್ತೆ ಮತ್ತೆ ಜೀವ ಬಂದದ್ದು ನಿಜ, ಆದರೆ ಅಭಿಮಾನಿಗಳು ಪ್ರತಿ ದೃಶ್ಯವನ್ನೂ ನಿಲ್ಲಿಸಿ ನಿಲ್ಲಿಸಿ ನೋಡುವುದನ್ನು ಕಲಿತದ್ದು ಆ ಮೊದಲ ವರ್ಷಗಳಲ್ಲೇ. ನಿಲ್ಲಿಸಿ ನೋಡಿದವರಿಗೆ ಏನಾದರೂ ಸಿಕ್ಕೇ ಸಿಗುತ್ತಿತ್ತು. ಬರೆಯುವವರು ಅಂಥವರು: ಕೊಹೆನ್ ಓದಿದ್ದು ಭೌತಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನ. ಕೆನ್ ಕೀಲರ್ ಹಾರ್ವರ್ಡ್‌ನಲ್ಲಿ ಅನ್ವಯಿಕ ಗಣಿತದಲ್ಲಿ ಪಿಎಚ್.ಡಿ. ಮಾಡಿದವರು.

ಒಂದು ಕಂತಿನಲ್ಲಿ ಬೆಂಡರ್ ಮತ್ತು ಫ್ಲೆಕ್ಸೊ ಎಂಬ ರೋಬೋಗಳು ತಮ್ಮ ಸೀರಿಯಲ್ ನಂಬರ್ ಹೇಳಿಕೊಂಡು ಬಿದ್ದು ಬಿದ್ದು ನಗುತ್ತವೆ. ಫ್ರೈಗೆ ಏನೂ ಅರ್ಥವಾಗುವುದಿಲ್ಲ. ಎರಡೂ ನಂಬರನ್ನು ಎರಡು ಘನಗಳ ಮೊತ್ತವಾಗಿ ಬರೆಯಬಹುದು ಎನ್ನುವುದು ಆ ನಗುವಿನ ಕಾರಣ. ಫ್ಲೆಕ್ಸೊನದು 3370318, ಅಂದರೆ 119ರ ಘನ ಎರಡು ಸಲ. ಬೆಂಡರ್‌ನದು 2716057. ಇದಕ್ಕೆ 952ರ ಘನಕ್ಕೆ ಮೈನಸ್ 951ರ ಘನ ಕೂಡಿಸಬೇಕು. ಕಾಗದದ ಮೇಲೆ ಮಾಡಿ ನೋಡಿ: 862801408ರಲ್ಲಿ 860085351 ಕಳೆದರೆ ಸರಿಯಾಗಿ ಅದೇ ಬರುತ್ತದೆ. ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ರಾಮಾನುಜನ್ ಅವರ 1729 ಅಂತೂ ಅಲ್ಲಲ್ಲಿ ತಲೆ ಹಾಕುತ್ತಲೇ ಇರುತ್ತದೆ. ಒಂದು ಅಂತರಿಕ್ಷ ನೌಕೆಯ ನೋಂದಣಿ ಸಂಖ್ಯೆಯಲ್ಲೂ ಅದೇ ಇದೆ.

ಹಿನ್ನೆಲೆಯ ಗೋಡೆಗಳ ಮೇಲಿನ ವಿಚಿತ್ರ ಲಿಪಿಯೂ ಬರೀ ಅಲಂಕಾರವಲ್ಲ. ಮೊದಲನೆಯ ಲಿಪಿಯಲ್ಲಿ ಒಂದು ಅಕ್ಷರಕ್ಕೆ ಒಂದು ಚಿಹ್ನೆ, ಅಷ್ಟೇ. ಅದನ್ನು ನೋಡುಗರು ಬೇಗನೆ ಬಿಡಿಸಿಬಿಟ್ಟರು. ಎರಡನೆಯದು ಗಟ್ಟಿ. ಇಂಗ್ಲಿಷಿನ ಎ ಅಂದರೆ 0, ಬಿ ಅಂದರೆ 1, ಹೀಗೆ 25ರವರೆಗೆ. ಮೊದಲ ಚಿಹ್ನೆ ನೇರವಾಗಿ ಅಕ್ಷರವನ್ನೇ ಕೊಡುತ್ತದೆ. ಅಲ್ಲಿಂದ ಮುಂದೆ ಪ್ರತಿ ಚಿಹ್ನೆಯ ಬೆಲೆಯಿಂದ ಅದರ ಹಿಂದಿನ ಚಿಹ್ನೆಯ ಬೆಲೆ ಕಳೆಯಬೇಕು. ಸೊನ್ನೆಗಿಂತ ಕೆಳಗಿಳಿದರೆ 26 ಕೂಡಿಸಬೇಕು. 2, 2, 21 ಎಂದಿದ್ದರೆ ಸಿಗುವುದು 2, 0, 19, ಅಂದರೆ ‘ಕ್ಯಾಟ್’. ಒಂದೇ ಚಿಹ್ನೆ ಒಮ್ಮೆ ಸಿ, ಇನ್ನೊಮ್ಮೆ ಎ ಆಯಿತು ನೋಡಿ. ಯಾವ ಚಿಹ್ನೆ ಎಷ್ಟು ಸಲ ಬಂತು ಎಂದು ಎಣಿಸಿ ಬಿಡಿಸುವ ಹಳೆಯ ಉಪಾಯ ಇಲ್ಲಿ ನಡೆಯದಿರುವುದು ಇದಕ್ಕೇ. ಒಂದು ಚಿಹ್ನೆ ತಪ್ಪಾಗಿ ಓದಿದರೆ ಅದರ ಅಕ್ಷರದ ಜೊತೆಗೆ ಮುಂದಿನದೂ ಕೆಡುತ್ತದೆ. ಹಾಗಾಗಿ ಅಕ್ಕಪಕ್ಕದ ಎರಡು ಅಕ್ಷರ ಅಸಂಬದ್ಧವಾಗಿ, ಉಳಿದದ್ದು ಸರಿಯಿದ್ದರೆ, ಆ ಎರಡರಲ್ಲಿ ಮೊದಲನೆಯ ಚಿಹ್ನೆಯನ್ನೇ ಮತ್ತೆ ನೋಡಬೇಕು.

ಈಗ ಮನಸ್ಸಿನ ಯಂತ್ರಕ್ಕೆ ಬರೋಣ. ಕಂತು ಪ್ರಸಾರವಾದದ್ದು 2010ರ ಆಗಸ್ಟ್ 19ರಂದು, ಬರೆದವರು ಕೀಲರ್. ಯಂತ್ರದಲ್ಲಿ ಕೂತ ಇಬ್ಬರ ಮನಸ್ಸುಗಳು ಅದಲುಬದಲಾಗುತ್ತವೆ, ಆದರೆ ಅದೇ ಎರಡು ದೇಹಗಳು ಮತ್ತೊಮ್ಮೆ ಜೊತೆಗೆ ಕೂತರೆ ಯಂತ್ರ ಕೆಲಸ ಮಾಡುವುದಿಲ್ಲ. ಹಾಗಾದರೆ ಎಲ್ಲರನ್ನೂ ಮರಳಿ ತರುವುದು ಹೇಗೆ? ಯಂತ್ರವನ್ನು ಮುಟ್ಟದ ಇನ್ನಿಬ್ಬರು ಸಿಕ್ಕರೆ ಸಾಕು, ಗೊಂದಲ ಎಷ್ಟೇ ದೊಡ್ಡದಿರಲಿ. ಈ ಪ್ರಮೇಯವನ್ನು ಕೀಲರ್ ಈ ಕಥೆಗೆಂದೇ ಸಾಧಿಸಿದರು.

ಲೋಟ ಅಂದರೆ ದೇಹ, ಚೀಟಿ ಅಂದರೆ ಮನಸ್ಸು. ನಾಲ್ಕು ಲೋಟಗಳಿಗೆ ಕಂತಿನ ಪಾತ್ರಗಳಾದ ಫ್ರೈ, ಝಾಯ್ಡ್‌ಬರ್ಗ್, ಕ್ಲೈಡ್, ಟೇಟ್ ಎಂದು ಹೆಸರಿಡಿ. ಯಂತ್ರವನ್ನು ಮುಟ್ಟದ ಆ ಇನ್ನಿಬ್ಬರು ಕ್ಲೈಡ್ ಮತ್ತು ಟೇಟ್. ಫ್ರೈ ಮತ್ತು ಝಾಯ್ಡ್‌ಬರ್ಗ್ ಚೀಟಿಗಳು ಅದಲುಬದಲಾಗಿವೆ. ಮೊದಲು ಕ್ಲೈಡ್ ಒಬ್ಬನಿಂದಲೇ ಸರಿಪಡಿಸಲು ನೋಡಿ. ಫ್ರೈ–ಕ್ಲೈಡ್ ಬದಲಿಸಿ, ಆಮೇಲೆ ಕ್ಲೈಡ್–ಝಾಯ್ಡ್‌ಬರ್ಗ್. ಝಾಯ್ಡ್‌ಬರ್ಗ್ ಸರಿಹೋದ. ಆದರೆ ಫ್ರೈ ಲೋಟದಲ್ಲಿ ಕ್ಲೈಡ್ ಚೀಟಿ, ಕ್ಲೈಡ್ ಲೋಟದಲ್ಲಿ ಫ್ರೈ ಚೀಟಿ ಉಳಿಯುತ್ತವೆ, ಆ ಜೋಡಿ ಆಗಲೇ ಬಳಸಿಯಾಗಿದೆ. ದಾರಿ ಮುಚ್ಚಿತು.

ಈಗ ಟೇಟ್‌ನನ್ನೂ ಸೇರಿಸಿ ಮೊದಲಿನಿಂದ ಶುರುಮಾಡಿ: ಫ್ರೈ–ಕ್ಲೈಡ್, ಝಾಯ್ಡ್‌ಬರ್ಗ್–ಟೇಟ್, ಟೇಟ್–ಫ್ರೈ, ಕ್ಲೈಡ್–ಝಾಯ್ಡ್‌ಬರ್ಗ್. ಫ್ರೈ, ಝಾಯ್ಡ್‌ಬರ್ಗ್ ಇಬ್ಬರೂ ಮನೆ ಸೇರಿದರು. ಕ್ಲೈಡ್, ಟೇಟ್ ಮಾತ್ರ ಒಬ್ಬರೊಳಗೊಬ್ಬರು ಇದ್ದಾರೆ. ಅವರಿಬ್ಬರು ಇನ್ನೂ ಜೊತೆಗೆ ಕೂತಿಲ್ಲವಲ್ಲ, ಐದನೆಯ ಬದಲಾವಣೆ ಅವರದು.

ಮೊದಲನೆಯವನ ದೇಹದಲ್ಲಿ ಎರಡನೆಯವನ ಮನಸ್ಸು, ಎರಡನೆಯವನದರಲ್ಲಿ ಮೂರನೆಯವನದು, ಹೀಗೆ ಸಾಗಿ ಕೊನೆಯವನದರಲ್ಲಿ ಮೊದಲನೆಯವನದು ಇದ್ದರೆ ಅದೊಂದು ಸರಪಳಿ. ಅದು ಉದ್ದವಿದ್ದರೂ ಕ್ರಮ ಇದೇ. ಕ್ಲೈಡ್ ಮೊದಲನೆಯವನ ಜೊತೆ ಕೂರುತ್ತಾನೆ. ಆಮೇಲೆ ತನ್ನೊಳಗೆ ಯಾರ ಮನಸ್ಸಿದೆಯೋ ಅವರ ದೇಹದ ಬಳಿಗೆ ಹೋಗುತ್ತಾ ಹೋಗುತ್ತಾನೆ. ಕೊನೆಯವನೊಬ್ಬ ಉಳಿದಾಗ ನಿಲ್ಲಬೇಕು. ಎಲ್ಲರೂ ಎಡವುವುದು ಇಲ್ಲೇ: ಕ್ಲೈಡ್ ಅದೇ ಓಟದಲ್ಲಿ ಕೊನೆಯವನನ್ನೂ ಮುಗಿಸಿದರೆ ಮೊದಲನೆಯವನ ಮನಸ್ಸು ಕ್ಲೈಡ್‌ನೊಳಗೆ ಸಿಕ್ಕಿಕೊಳ್ಳುತ್ತದೆ, ಅವರಿಬ್ಬರ ಜೋಡಿಯೋ ಶುರುವಿನಲ್ಲೇ ಮುಗಿದಿದೆ. ಆದ್ದರಿಂದ ಟೇಟ್ ಮುಂಚೆ ಬರಬೇಕು. ಅವನು ಕೊನೆಯವನ ಜೊತೆ, ನಂತರ ಮೊದಲನೆಯವನ ಜೊತೆ ಕೂರುತ್ತಾನೆ. ಆಮೇಲೆ ಕ್ಲೈಡ್ ಕೊನೆಯವನ ಬಳಿಗೆ. ಸರಪಳಿಯಲ್ಲಿ ಎಷ್ಟು ಜನವೋ ಅದಕ್ಕಿಂತ ಎರಡು ಹೆಚ್ಚು ಬದಲಾವಣೆ; ಕೊನೆಗೆ ಬೇಕಾದರೆ ಕ್ಲೈಡ್–ಟೇಟ್ ಬದಲಾವಣೆ ಬೇರೆ.

ಕಂತಿನಲ್ಲಿ ಸರಪಳಿ ಎರಡು. ಒಂದು ಫ್ರೈ–ಝಾಯ್ಡ್‌ಬರ್ಗ್, ನಾಲ್ಕು ಬದಲಾವಣೆ. ಇನ್ನೊಂದರಲ್ಲಿ ಪ್ರೊಫೆಸರ್, ಏಮಿ, ಬೆಂಡರ್, ಲೀಲಾ, ಹರ್ಮಿಸ್, ಒಬ್ಬ ರೋಬೋ ಚಕ್ರವರ್ತಿ ಮತ್ತು ನೆಲ ಒರೆಸುವ ಬಕೆಟ್, ಒಟ್ಟು ಏಳು, ಅದಕ್ಕೆ ಒಂಬತ್ತು. ಮೊದಲ ಸರಪಳಿ ಬಿಡಿಸುವಾಗ ತಿರುವುಮುರುವಾದ ಕ್ಲೈಡ್ ಮತ್ತು ಟೇಟ್ ಎರಡನೆಯದರಲ್ಲಿ ತಾವಾಗಿಯೇ ನೇರವಾಗುತ್ತಾರೆ, ಅವರಿಗೆಂದು ಬೇರೆ ಬದಲಾವಣೆ ಬೇಕಿಲ್ಲ. ಹದಿಮೂರನೆಯದು ಮುಗಿದಾಗ ಎಲ್ಲರೂ ತಂತಮ್ಮ ಮೈಯೊಳಗೆ, ಬಕೆಟ್ ಕೂಡ.